ಜೋಳದ ಜಿಡ್ಡು ತೂಗಿದವರು

ಅವರು ತೀರಿಕೊಂಡ ಸುದ್ದಿ ಬಂದಾಗ ನಾನು ಸಾರಿಗೆ ಒಗ್ಗರಣೆ ಹಾಕುತ್ತಿದ್ದೆ. ನಮ್ಮ ಹಳೆಯ ಇಲಾಖೆಯವರದ್ದೊಂದು ವಾಟ್ಸಾಪ್ ಗುಂಪು ಇನ್ನೂ ಹಾಗೇ ಇದೆ. ಅದರಲ್ಲಿ ಯಾರೋ ಒಂದು ದೀಪದ ಚಿತ್ರ ಹಾಕಿ, 'ನಮ್ಮ ಹಿರಿಯ ಇನ್ವೆಸ್ಟಿಗೇಟರ್ ಸಾಹೇಬರು ಇನ್ನಿಲ್ಲ' ಅಂತ ಬರೆದಿದ್ದರು. ಕೆಳಗೆ ಹದಿನಾಲ್ಕು ಜನ ಕೈ ಮುಗಿದಿದ್ದರು. ನಾನು ಕೈ ಮುಗಿಯಲಿಲ್ಲ. ಮೊಬೈಲು ಮಗುಚಿಟ್ಟು ಒಗ್ಗರಣೆ ಮುಗಿಸಿದೆ. ಆಮೇಲೆ ಗ್ಯಾಸು ಆರಿಸಿ, ಕಟ್ಟೆಗೆ ಒರಗಿ ನಿಂತು ಅತ್ತೆ. ಅತ್ತಿದ್ದಕ್ಕೆ ನನ್ನ ಮೇಲೇ ಸಿಟ್ಟು ಬಂತು.

ಅವರ ಕೆಲಸ ಏನು ಅಂತ ಹೇಳಿದರೆ ನೀವು ನಗ್ತೀರಿ. ನಗ್ರಿ, ಅಡ್ಡಿಯಿಲ್ಲ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಈ ಐದು ತಾಲ್ಲೂಕಿನ ಮಂದಿ ಜೋಳ ತಿಂದರೆ ಆ ಜೋಳದಿಂದ ಅವರ ಹೊಟ್ಟೆಗೆ ಎಷ್ಟು ಕೊಬ್ಬು ಹೋಗುತ್ತೆ ಅನ್ನೋದನ್ನ ಅವರು ಇಪ್ಪತ್ತೆಂಟು ವರ್ಷ ಲೆಕ್ಕ ಹಾಕಿದರು. ತುಪ್ಪದ್ದಲ್ಲ, ಎಣ್ಣೆಯದ್ದಲ್ಲ, ಜೋಳದ್ದು. ನೂರು ಗ್ರಾಂ ಜೋಳದಲ್ಲಿ ಎರಡು ಗ್ರಾಂ ಕೊಬ್ಬು ಕೂಡ ಇರಲ್ಲ. ಅಂಥಾದ್ದನ್ನ ಅಳೆಯೋಕೆ ಒಂದು ಕಚೇರಿ, ಒಂದು ತಕ್ಕಡಿ, ಒಂದು ಸೀಲು. ಇವರ ಹಾಗೇ ಬೇರೆ ಬೇರೆ ಕಡೆ ಬೇರೆ ಬೇರೆ ಧಾನ್ಯ ಹಿಡಿದು ಕೂತವರ ಅಂಕಿಗಳೆಲ್ಲ ಮೇಲಿನ ಕಚೇರಿಗೆ ಹೋಗಿ, ವರ್ಷದ ಕೊನೆಗೆ ಒಂದು ಪಟ್ಟಿ ಬರುತ್ತಿತ್ತು: ಈ ದೇಶದ ಒಬ್ಬ ಮನುಷ್ಯನಿಗೆ ದಿನಕ್ಕೆ ಇಂಥ ಧಾನ್ಯದಿಂದ ಇಷ್ಟು ಕೊಬ್ಬು, ಹೋದ ವರ್ಷಕ್ಕಿಂತ ಏರಿತೋ ಇಳಿಯಿತೋ.

"ಇದು ಗೊತ್ತಾಗಿ ದೇಶಕ್ಕ ಏನಾಗ್ಬೇಕೈತಿ ಸರ್?" ಅಂತ ಮೊದಲ ವಾರವೇ ಕೇಳಿದ್ದೆ. ನನಗೆ ಬಾಯಿ ತಡೆಯೋದು ಮೊದಲಿಂದಲೂ ಕಷ್ಟ.

ಅವರು ಪೆನ್ನಿನ ಮುಚ್ಚಳ ಹಾಕಿದರು.

"ಗೊತ್ತಾಗ್ಬೇಕಲ್ಲ" ಅಂದರು.

ಅಷ್ಟೇ. ಅದಕ್ಕಿಂತ ದೊಡ್ಡ ಉತ್ತರ ಅವರಿಂದ ನನಗೆ ಯಾವತ್ತೂ ಸಿಗಲಿಲ್ಲ.

ಕಚೇರಿ ಇದ್ದದ್ದು ಹಗರಿಬೊಮ್ಮನಹಳ್ಳಿ ಸ್ಟೇಷನ್ ರೋಡಿನಲ್ಲಿ, ಒಂದು ಗೊಬ್ಬರದ ಅಂಗಡಿಯ ಮಹಡಿ ಮೇಲೆ, ಎರಡು ಕೋಣೆ. ಒಂದರಲ್ಲಿ ಕಾಗದ, ಇನ್ನೊಂದರಲ್ಲಿ ನಾವು. ನಾನು ಅದೇ ಊರಿನ ಕೇರಿಯವಳು. ಅಪ್ಪ ಮಾರ್ಕೆಟ್ ಯಾರ್ಡಿನಲ್ಲಿ ಹಮಾಲಿ, ಅವ್ವ ಅಲ್ಲೇ ಕಾಳು ಹಸನು ಮಾಡೋಳು. ನಮ್ಮ ಮನೆಯಲ್ಲಿ ತಿಂಗಳ ಸಂಬಳ ಅಂತ ಎಣಿಸಿದ ಮೊದಲನೆಯವಳು ನಾನು, ಅದೂ ಗುತ್ತಿಗೆ. ನಮ್ಮ ಗೋಡೆ ಮೇಲೆ ಬುದ್ಧನ ಫೋಟೋ. ಅವರು ಕೊಟ್ಟೂರಿನ ವ್ಯಾಪಾರಸ್ಥರ ಮನೆಯವರು, ಹಣೆಗೆ ವಿಭೂತಿ ಇಲ್ಲದೆ ಬಸ್ಸು ಹತ್ತಿದವರಲ್ಲ. ಅಣ್ಣತಮ್ಮಂದಿರೆಲ್ಲ ಅಂಗಡಿ ಹಿಡಿದರೆ ಇವರೊಬ್ಬರು ತಕ್ಕಡಿ ಮಾತ್ರ ಹಿಡಿದು ಸರ್ಕಾರಿ ನೌಕರಿಗೆ ಬಂದಿದ್ದರು.

ಮೊದಲ ದಿನ ಅವರು ಕಲಿಸಿದ ಪಾಠ ಒಂದೇ. "ಮನಿಗೆ ಹೋದಾಗ ಕೊಬ್ಬು ಅನ್ಬ್ಯಾಡ ತಂಗಿ. ಮಂದಿ ಸಿಟ್ಟಾಗ್ತಾರ. ಜಿಡ್ಡು ಅನ್ನು." ನಾನು ಕೇಳಲಿಲ್ಲ. ಕೂಡ್ಲಿಗಿಯ ಒಂದು ಮನೆಯಲ್ಲಿ, ನಿಮ್ಮ ಕೊಬ್ಬು ಅಳಿಯಾಕ ಬಂದೀವ್ರಿ ಅಂದುಬಿಟ್ಟೆ. ಆ ಮನೆಯ ಅಜ್ಜಿ ಕೈಯಲ್ಲಿದ್ದ ಕಸಬರಿಗೆ ಕೆಳಗಿಡದೆ ನಮ್ಮನ್ನು ಬೀದಿವರೆಗೂ ಬಿಟ್ಟು ಬಂದಳು. ಅವರು ಬೀದಿಯಲ್ಲೇ ನಿಂತು ಪೆನ್ನು ತೆಗೆದರು. ಫಾರಂ ಮೇಲೆ, 'ಮಾಹಿತಿದಾರರು ಸಹಕರಿಸಲಿಲ್ಲ. ತಪ್ಪು ನಮ್ಮದು' ಅಂತ ಬರೆದರು. 'ನಮ್ಮದು' ಅಂತ ಬರೆದರು ನೋಡಿ. ತಪ್ಪು ನನ್ನದೊಬ್ಬಳದೇ ಇತ್ತು.

ಹಿಟ್ಟು ತೂಗೋದು ನಮ್ಮ ಕಡೆ ಸಣ್ಣ ವಿಷಯ ಅಲ್ಲ. ಮನೆಯ ಹಿಟ್ಟನ್ನ ಹೊರಗಿನವರು ತಕ್ಕಡಿಗೆ ಹಾಕಿದರೆ ಮನೆಯ ಬರಕತ್ತು ಹೋಗುತ್ತೆ ಅಂತಾರೆ. ಅಂದರೆ ಹಿಟ್ಟು ಬೇಗ ತಳ ಕಾಣುತ್ತೆ, ಮಾಡಿದ್ದು ಮನೆಮಂದಿಗೆ ಸಾಲಲ್ಲ. ಅದಕ್ಕೆ ಪರಿಹಾರವೂ ಉಂಟು. ತೂಗಿದವರು ಆ ಹಿಟ್ಟಿನದೇ ಮೊದಲ ರೊಟ್ಟಿಯನ್ನ ಆ ಮನೆಯ ಒಳಗೆ ಕೂತು ತಿನ್ನಬೇಕು. ತಿಂದರೆ ತೂಗಿದ್ದು ತೊಳೆದುಹೋಯಿತು. ಹೀಗಾಗಿ ಅವರು ಇಪ್ಪತ್ತೆಂಟು ವರ್ಷ ಸಾವಿರಾರು ಒಲೆ ಮುಂದೆ ಕೂತು ಮೊದಲ ರೊಟ್ಟಿ ತಿಂದರು. ತಿಂದ ಮೇಲೆ ಕೈ ತೊಳೆದು ಫಾರಂ ತೆಗೆದು, ಮನೆಯವರ ಲೆಕ್ಕದಿಂದ ಅದನ್ನ ಕಳೆಯುತ್ತಿದ್ದರು. 'ಮೈನಸ್ ಒಂದು ರೊಟ್ಟಿ, ತನಿಖೆಯವರು.' ರೊಟ್ಟಿಯನ್ನ ತಿನ್ನೋ ಮೊದಲು ತೂಗೋರು. ಅರ್ಧ ತಿಂದು ಬಿಟ್ಟರೆ ಉಳಿದರ್ಧ ತೂಗೋರು. ಆದರೆ ಅವರು ಅರ್ಧ ಬಿಟ್ಟಿದ್ದು ನಾನು ನೋಡಿಲ್ಲ. ಬಿಸಿ ರೊಟ್ಟಿ ಮುರಿದಾಗ ಬರೋ ಹಬೆಗೆ ಮುಖ ಒಡ್ಡಿ ಒಂದು ಗಳಿಗೆ ಕಣ್ಣು ಮುಚ್ಚೋರು. ಆ ಮುಖ ಐದೂ ತಾಲ್ಲೂಕಿನ ಹೆಣ್ಣುಮಕ್ಕಳಿಗೆ ಗೊತ್ತಿತ್ತು.

ಹಡಗಲಿ ಕಡೆ ಒಂದು ಹಳ್ಳಿಯ ದೊಡ್ಡ ಮನೆಯಲ್ಲಿ ಹೀಗಾಯಿತು. ಅವತ್ತು ತೂಗಿದ್ದು ನಾನು. ರೊಟ್ಟಿ ಆದ ಮೇಲೆ ಮನೆಯ ಯಜಮಾನಿ ಅವರಿಗೆ ಒಳಗೆ ಮಣೆ ಹಾಕಿ, ನನ್ನ ಕಡೆ ತಿರುಗಿ, "ನೀ ಹೊರಗ ಕಟ್ಟಿ ಮ್ಯಾಲೆ ಕುಂದ್ರವ್ವ, ಅಲ್ಲೇ ಕೊಡ್ತೀನಿ" ಅಂದಳು. ನಾನು ಎದ್ದೆ. ಏಳೋದು ನನಗೇನು ಹೊಸದಲ್ಲ. ಅವರು ರೊಟ್ಟಿಯನ್ನ ಮುರಿಯದೆ ಬುಟ್ಟಿಗೆ ವಾಪಸ್ ಇಟ್ಟರು.

"ತೂಗಿದೋರು ನಾನಲ್ರಿ. ಆಕಿ" ಅಂದರು. "ಆಕಿ ಒಳಗ ಕುಂತು ತಿನ್ನಲಿಲ್ಲಂದ್ರ ನಿಮ್ಮ ಮನಿ ಬರಕತ್ತಿಗೆ ನಾ ಜವಾಬ್ದಾರ ಅಲ್ಲ. ಮೊದ್ಲ ಹೇಳಿರ್ತೀನಿ."

ಯಜಮಾನಿ ಹಿಟ್ಟಿನ ಡಬ್ಬಿ ನೋಡಿದಳು, ನನ್ನನ್ನು ನೋಡಿದಳು. ಕೊನೆಗೆ ಇನ್ನೊಂದು ಮಣೆ ಹಾಕಿದಳು. ಅವತ್ತಿಂದ ಅಂಥ ಮನೆ ಬಂದರೆ ಸಾಕು, "ನನ್ನ ಕಣ್ಣು ಮಂಜು, ಮುಳ್ಳು ಕಾಣವಲ್ದು, ನೀನ ತೂಗು" ಅಂತ ತಕ್ಕಡಿ ನನ್ನ ಕೈಗೆ ಕೊಡೋರು. ಅವರ ಕಣ್ಣು ಚೆನ್ನಾಗೇ ಇತ್ತು; ಬಸ್ಸಿನ ಬೋರ್ಡು ನನಗಿಂತ ಮೊದಲು ಓದುತ್ತಿದ್ದರು.

'ಸುಮಾರು' ಅನ್ನೋ ಮಾತು ಅವರಿಗೆ ಆಗ್ತಿರಲಿಲ್ಲ. ಕೂಡ್ಲಿಗಿ ಎಷ್ಟು ದೂರ ಅಂತ ಕೇಳಿದರೆ, ಬಸ್ ಸ್ಟ್ಯಾಂಡಿನಿಂದಲೋ ಕಚೇರಿಯಿಂದಲೋ ಅಂತ ಕೇಳೋರು. ಕೊಟ್ಟೂರಿಗೆ ಹೋದಾಗ ಮಾತ್ರ ಸಡಿಲ ಆಗೋರು. ಅಲ್ಲಿ ಮಂಡಕ್ಕಿ ಮಿರ್ಚಿ ಕೊಡಿಸಿ, "ಆರಾಮ ತಿನ್ನು. ಇದರ ಜಿಡ್ಡು ನಮ್ಮದಲ್ಲ. ಎಣ್ಣಿ ಕಾಲಮ್ಮಿನೋರದು" ಅನ್ನೋರು. ಹರಪನಹಳ್ಳಿ ಕಡೆಯಿಂದ ಬಸ್ಸಿನಲ್ಲಿ ಬರುವಾಗ ಎರಡೂ ಕಡೆ ಕಣ್ಣು ಹಾಯಿಸಿದಷ್ಟೂ ಮೆಕ್ಕೆಜೋಳ. ಅವರು ಕಿಟಕಿ ಕಡೆ ತಿರುಗುತ್ತಲೇ ಇರಲಿಲ್ಲ. "ಅದು ಕೋಳಿಗೆ ಹೊಕ್ಕೈತಿ. ಕೋಳಿ ಲೆಕ್ಕದ ಟೇಬಲ್ಲು ಬ್ಯಾರೆ" ಅಂತ ನೇರ ಮುಂದೆ ನೋಡಿಕೊಂಡು ಕೂರೋರು.

ಕಚೇರಿಯ ಗೋಡೆಗೆ ಒಂದು ಉದ್ದನೆ ಕಂದು ಕಾಗದ ಅಂಟಿಸಿದ್ದರು. ಅದರ ಮೇಲೆ ಎರಡು ಗೆರೆ. ನೀಲಿ ಗೆರೆ ಇಡೀ ದೇಶದ್ದು, ಜೋಳದಿಂದ ಸಿಗೋ ಜಿಡ್ಡಿನದು. ಅದು ವರ್ಷದಿಂದ ವರ್ಷಕ್ಕೆ ಇಳಿಯುತ್ತಾ ಬಂದಿತ್ತು. ಅಕ್ಕಿ ಬಂತು, ಗೋಧಿ ಬಂತು, ದೇಶ ಜೋಳ ಬಿಟ್ಟಿತು. ಕೆಂಪು ಗೆರೆ ನಮ್ಮ ಐದು ತಾಲ್ಲೂಕಿನದು. ಅದು ಇಳಿದಿರಲಿಲ್ಲ. ಹಾಸಿದ ಹಾಗೆ ನೆಟ್ಟಗೆ ಇತ್ತು. ಪ್ರತಿ ವರ್ಷ ಹೊಸ ಚುಕ್ಕೆ ಇಟ್ಟು, ಸ್ಕೇಲಿನಲ್ಲಿ ಗೆರೆ ಎಳೆದು, ಎರಡು ಹೆಜ್ಜೆ ಹಿಂದೆ ಸರಿದು ನೋಡೋರು.

"ಇಡೀ ದೇಶ ಬಿಟ್ರೂ ನಮ್ಮ ಮಂದಿ ಜ್ವಾಳ ಬಿಡಲಿಲ್ಲ ನೋಡು ತಂಗಿ" ಅನ್ನೋರು.

ಅವರು ನಿವೃತ್ತಿ ಆಗೋಕೆ ಆರು ತಿಂಗಳಿದ್ದಾಗ ಮೇಲಿನ ಕಚೇರಿಯಿಂದ ಒಂದು ಪತ್ರ ಬಂತು. ನಿಮ್ಮ ಐದು ತಾಲ್ಲೂಕಿನ ಗೆರೆ ಅಚ್ಚರಿ ತಂದಿದೆ. ದೇಶದ ಬೇರೆಲ್ಲೂ ಹೀಗಿಲ್ಲ. ತಜ್ಞರ ತಂಡವೊಂದು ಬಂದು ನೋಡಲಿದೆ. ಎಲ್ಲ ಸರಿಯಿದ್ದರೆ ಹಗರಿಬೊಮ್ಮನಹಳ್ಳಿಯಲ್ಲಿ ಕಾಯಂ ಅಧ್ಯಯನ ಕೇಂದ್ರ ತೆರೆಯಲಾಗುವುದು. ಈಗಿರುವ ಗುತ್ತಿಗೆ ನೌಕರರನ್ನು ಅಲ್ಲಿ ಕಾಯಂ ಮಾಡಿಕೊಳ್ಳಲಾಗುವುದು. ಗುತ್ತಿಗೆ ನೌಕರರು ಅಂದರೆ ನಾನೊಬ್ಬಳೇ. ಕೊನೆಯ ಸಾಲನ್ನ ನಾನು ಎಷ್ಟು ಸಲ ಓದಿದೆನೋ.

ಮನೆಗೆ ಹೋಗಿ ಹೇಳಿದೆ. ಅವ್ವನಿಗೆ ಮೂರು ವರ್ಷದಿಂದ ಕೆಮ್ಮು. ಕಾಳಿನ ದೂಳು ಎದೆಗೆ ಕೂತಿದೆ, ಆ ಕೆಲಸ ಬಿಡಬೇಕು ಅಂತ ಡಾಕ್ಟರು ಹೇಳಿದ್ದರು. ಬಿಡೋ ಹಾಗಿರಲಿಲ್ಲ. ನನ್ನ ಗುತ್ತಿಗೆ ಪ್ರತಿ ಮಾರ್ಚಿಗೆ ಮುಗಿದು, ಮತ್ತೆ ಸಿಗುತ್ತೋ ಇಲ್ಲವೋ ಅಂತ ಜೀವ ಕೈಯಲ್ಲಿ ಹಿಡಿಸುತ್ತಿತ್ತು. "ಕಾಯಂ ಆದ್ರ ನಾ ಯಾರ್ಡಿಗೆ ಹೋಗಂಗಿಲ್ಲ ನೋಡು" ಅಂದಳು ಅವ್ವ. ಮಾರನೆಯ ದಿನ ಬೆಳಗಿನ ಹೊತ್ತಿಗೆ ಇಡೀ ಕೇರಿಗೆ ಗೊತ್ತಾಗಿತ್ತು, ನಾನು ಕಾಯಂ ಆಗಿದ್ದೀನಿ ಅಂತ.

ಇಲ್ಲಿ ಒಂದು ವಿಷಯ ಹೇಳಬೇಕು. ಅವರು ಯಾವ ಮನೆಗೂ ಹೇಳದೆ ಹೋಗುತ್ತಿರಲಿಲ್ಲ. ವರ್ಷಕ್ಕೆ ಎರಡು ಸಲ ಅದೇ ಮನೆಗಳಿಗೇ ಹೋಗಬೇಕಾಗಿತ್ತು, ಹೋಗೋ ಹಿಂದಿನ ವಾರವೇ ಅಂಗನವಾಡಿ ಟೀಚರಿಗೋ ಅಂಗಡಿಯವನಿಗೋ ಫೋನು ಮಾಡಿ, ಇಂಥ ದಿನ ಬರ್ತೀವಿ ಅಂತ ತಿಳಿಸೋರು. ಹೇಳದೇ ಹೋಗಬೇಕು ಅಂತ ಮೇಲಿನ ಕಚೇರಿಯ ಪುಸ್ತಕದಲ್ಲಿ ಇತ್ತು. ಅವರು ಆ ಪುಟ ಒಪ್ಪಲಿಲ್ಲ. "ಕೇಳದ ಹೇಳದ ಹೆಣ್ಮಕ್ಕಳ ಅಡಿಗಿ ಮನಿಗೆ ನುಗ್ಗಾಕ ನಾವೇನು ಪೊಲೀಸ್ರೇನು" ಅನ್ನೋರು. ನಿಯಮ ಮುರಿದದ್ದು ಅವರು ಅದೊಂದೇ.

ಪತ್ರ ಬಂದ ಮೇಲೆ ಒಂದು ಸೋಮವಾರ ಅವರು ಕೂಡ್ಲಿಗಿಗೆ ಹೋದರು, ನಾನು ಹರಪನಹಳ್ಳಿ ತಾಲ್ಲೂಕಿನ ಚಿಗಟೇರಿ ಹತ್ತಿರದ ಒಂದು ಹಳ್ಳಿಗೆ ಒಬ್ಬಳೇ ಹೋದೆ. ನಿಜ ಹೇಳಬೇಕಂದರೆ ನಾನು ಹೋಗಬೇಕಾದ್ದು ಮಂಗಳವಾರ. ಕಾಯಂ ಗುಂಗಿನಲ್ಲಿ ದಿನ ತಪ್ಪು ತಿಳಿದು ಒಂದು ದಿನ ಮೊದಲೇ ಹೊರಟಿದ್ದೆ. ಬಾಗಿಲು ತೆರೆದೇ ಇತ್ತು. ಒಳಗೆ ಮನೆಯಾಕೆ ಅನ್ನ ಬಸಿಯುತ್ತಿದ್ದಳು. ನನ್ನನ್ನು ನೋಡಿ ತಪ್ಪಲೆ ಹಿಡಿದುಕೊಂಡೇ ನಿಂತಳು.

"ನಾಳೆ ಅಲ್ಲೇನ್ರಿ ಅಕ್ಕಾರ?"

"ಇವತ್ತಲ್ಲೇನು?"

"ನಾಳೆ ಅಂತ ಟೀಚರು ಹೇಳ್ಯಾರ. ಜ್ವಾಳ ಇನ್ನೂ ಗಿರಣಿಗೆ ಕಳಿಸಿಲ್ರಿ. ಅಂಗಡಿಯಿಂದ ಈಗ ತಂದಾರ."

ಜಗುಲಿ ಮೇಲೆ ಪ್ಲಾಸ್ಟಿಕ್ ಚೀಲದಲ್ಲಿ ಎರಡು ಕೇಜಿ ಜೋಳ ಇತ್ತು, ಗಂಟು ಬಿಚ್ಚಿರಲಿಲ್ಲ. ನಾನು ಕೂತೆ. ದಿನಾ ಏನು ತಿಂತೀರಿ ಅಂತ ಕೇಳಿದೆ.

"ದಿನಾ ಅನ್ನಾರಿ. ರೇಷನ್ ಅಕ್ಕಿ ಬರತೈತಿ. ಹೊಲಕ್ಕ ಮೆಕ್ಕಿಜ್ವಾಳ ಹಾಕೀವಿ, ಜ್ವಾಳ ಈಗ ಯಾರು ಹಾಕ್ತಾರ್ರಿ. ರೊಟ್ಟಿ ಬಡಿಯಾಕ ನನ್ನ ಮೊಣಕೈ ಆಗಂಗಿಲ್ಲ, ಸೊಸಿಗೆ ಬರಂಗಿಲ್ಲ."

"ಮತ್ತ ನಾವು ಬಂದಾಗೆಲ್ಲ ರೊಟ್ಟಿನ ಇರತಿತ್ತಲ್ಲ?"

ಆಕೆಗೆ ನನ್ನ ದಡ್ಡತನಕ್ಕೆ ನಗು ಬಂತು. "ನೀವು ಬಂದಾಗ ಮಾಡ್ತೀವಲ್ರಿ. ಸರ್ ತೂಗ್ತಾರ, ತೂಗಿದ ಮ್ಯಾಲೆ ತಿನ್ನಬೇಕು. ರೊಟ್ಟಿ ಅಂದ್ರ ಅವರಿಗೆ ಜೀವ. ಅಂಥಾ ಮನಷ್ಯಾಗ ರೇಷನ್ ಅನ್ನ ಇಡಾಕ ಆಗತೈತೇನ್ರಿ? ಬಾಜೂ ಮನಿಯೋರೂ ಹಂಗ ಮಾಡ್ತಾರ. ನಾವೊಬ್ರ ಅಲ್ಲ."

ಅವರು ಪ್ರತಿ ಸಲ ತಾವು ತಿಂದ ಒಂದು ರೊಟ್ಟಿ ಕಳೆದು ಬರೆಯೋರು. ಕಳೆಯಬೇಕಾದ್ದು ಇಡೀ ಬುಟ್ಟಿ. ಅವರ ಮರ್ಯಾದೆ ಒಂದು ಕಡೆ, ಐದು ತಾಲ್ಲೂಕಿನ ಹೆಣ್ಣುಮಕ್ಕಳ ಮರ್ಯಾದೆ ಇನ್ನೊಂದು ಕಡೆ, ಎರಡೂ ಸೇರಿ ಗೋಡೆ ಮೇಲಿನ ಆ ಕೆಂಪು ಗೆರೆಯನ್ನ ಎಷ್ಟು ವರ್ಷದಿಂದ ಎತ್ತಿ ಹಿಡಿದಿದ್ದವೋ ಯಾರಿಗೆ ಗೊತ್ತು. ನಾನು ಆ ಮನೆಯಲ್ಲಿ ಅನ್ನ ಸಾರು ಉಂಡು, ತುಂಬಲು ಶುರು ಮಾಡಿದ್ದ ಫಾರಂ ಹರಿದು ಚೀಲಕ್ಕೆ ಹಾಕಿಕೊಂಡು ಬಂದೆ. ಬಸ್ಸಿನಲ್ಲಿ ಒಂದೇ ಯೋಚನೆ ಮಾಡಿದೆ. ಹೇಳಬಾರದು. ಆರು ತಿಂಗಳು ಬಾಯಿ ಮುಚ್ಚಿಕೊಂಡಿದ್ದರೆ ತಂಡ ಬರುತ್ತೆ, ರೊಟ್ಟಿ ತಿನ್ನುತ್ತೆ, ಹೋಗುತ್ತೆ. ಅವ್ವ ಯಾರ್ಡು ಬಿಡ್ತಾಳೆ.

ಹನ್ನೊಂದು ದಿನ ಹೇಳಲಿಲ್ಲ. ನನ್ನ ಮಟ್ಟಿಗೆ ಅದು ದೊಡ್ಡ ಸಾಧನೆ. ಆದರೆ ನಮ್ಮ ಫಾರಂಗಳಿಗೆ ನಂಬರು ಇರ್ತಿತ್ತು. ಹನ್ನೆರಡನೇ ದಿನ ಅವರು ಕಟ್ಟು ಎಣಿಸುತ್ತಾ ನಿಂತರು.

"ಒಂದು ಫಾರಂ ಕಮ್ಮಿ ಐತಿ."

"ಮಳಿಗೆ ತೊಯ್ತು ಸರ್. ಒಗದೆ."

ಅವರು ರಿಜಿಸ್ಟರ್ ತೆಗೆದು, ನಂಬರು ಬರೆದು, ಮುಂದೆ 'ಮಳೆಗೆ ತೊಯ್ದು ಹಾಳಾಗಿದೆ' ಅಂತ ಬರೆದರು. ಬರೆದು ಕಿಟಕಿಯ ಆಚೆ ನೋಡಿದರು. ಅದು ಮಾರ್ಚ್ ತಿಂಗಳು. ಆಚೆ ಬಿಸಿಲಿಗೆ ರಸ್ತೆಯ ಡಾಂಬರು ಮೆತ್ತಗಾಗಿತ್ತು. ಬರೆದದ್ದನ್ನ ಹೊಡೆಯಲಿಲ್ಲ. ಪೆನ್ನು ಹಿಡಿದು ಕೂತರು. ಆ ರಿಜಿಸ್ಟರಿನಲ್ಲಿ ನನ್ನಿಂದ ಒಂದು ಸುಳ್ಳು ಕೂತಿದ್ದು ನನಗೆ ತಡೆಯೋಕೆ ಆಗಲಿಲ್ಲ. ಎಲ್ಲ ಹೇಳಿಬಿಟ್ಟೆ.

ಪೂರ್ತಿ ಕೇಳಿದರು.

"ಅನ್ನ ಎಷ್ಟಿತ್ತು?" ಅಂದರು.

"ತೂಗ್ಲಿಲ್ಲ ಸರ್."

"ತೂಗ್ಬೇಕಿತ್ತು" ಅಂದರು.

ಆಮೇಲಿನ ಮೂರು ವಾರ ನಾವು ಹೇಳದೆ ಕೇಳದೆ ಮನೆಗಳಿಗೆ ಹೋದೆವು. ಜೀವನದಲ್ಲಿ ಅವರು ಮಾಡಿದ ಅತ್ಯಂತ ಕಷ್ಟದ ಕೆಲಸ ಅದು ಅಂತ ನನಗೆ ಅವತ್ತೇ ಅನಿಸಿತ್ತು. ಬಾಗಿಲಲ್ಲಿ ನಿಂತು ಮೊದಲು ತಪ್ಪಾಯ್ತು ಅನ್ನೋರು, ಆಮೇಲೆ ಒಳಗೆ ಹೋಗೋರು. ಕೂಡ್ಲಿಗಿಯಲ್ಲಿ ಉಪ್ಪಿಟ್ಟು. ಹಗರಿಬೊಮ್ಮನಹಳ್ಳಿಯಲ್ಲಿ ಪಾರ್ಸಲ್ ತಂದ ಇಡ್ಲಿ. ಹರಪನಹಳ್ಳಿ ಕಡೆ ಅನ್ನ, ಅನ್ನ, ಅನ್ನ. ಕೊಟ್ಟೂರಿನಲ್ಲಿ, ಅವರ ಸ್ವಂತ ಓಣಿಯಲ್ಲಿ, ಒಬ್ಬ ಹೆಣ್ಣುಮಗಳು ಅವರನ್ನ ನೋಡಿದ ಕೂಡಲೇ ಅನ್ನದ ಪಾತ್ರೆ ಮೇಲೆ ಸೆರಗು ಮುಚ್ಚಿದಳು. "ಹೇಳಿ ಬರಬಾರದೇನ್ರಿ ಸರ್. ನಮ್ಮ ಮರ್ಯಾದಿ ತಗದ್ರಿ" ಅಂದಳು. ಕಣ್ಣಲ್ಲಿ ನೀರು ಬಂದಿತ್ತು. ಅವರು ಆ ಪಾತ್ರೆ ಮುಂದೆ ಕೂತು, "ನಿಮ್ಮದೇನು ತಪ್ಪಿಲ್ಲವ್ವ, ತಪ್ಪು ನನ್ನ ನಾಲಿಗಿದು" ಅಂದರು. ಅನ್ನ ತೂಗಿದರು. ಕೈಯೊಡ್ಡಿ ಒಂದು ಹಿಡಿ ಇಸಿದುಕೊಂಡು ತಿಂದರು. ಕಳೆದು ಬರೆದರು.

ಹಡಗಲಿ ತಾಲ್ಲೂಕಿನಲ್ಲಿ ಮಾತ್ರ ಒಂದು ಮನೆಯಲ್ಲಿ ಖರೇನೇ ಜೋಳದ ರೊಟ್ಟಿ ಬಡಿಯುತ್ತಿದ್ದರು. ಅವರ ಮುಖ ಅರಳಿದ್ದು ಆ ಮೂರು ವಾರದಲ್ಲಿ ಅದೊಂದೇ ಸಲ. ಆ ಮನೆಯ ಅಜ್ಜಿ, "ನೀವು ಬರ್ತೀರಂತ ಕೊಟ್ಟೂರಿಂದ ಬೀಗರು ಫೋನ್ ಮಾಡಿದ್ರಲ್ರಿ" ಅಂದಳು. ಅವರು ಹೊರಗೆ ಬಂದು ಚಪ್ಪಲಿ ಹಾಕಿಕೊಳ್ಳೋಕೆ ಬಹಳ ಹೊತ್ತು ತಗೊಂಡರು.

ಕಚೇರಿಗೆ ಬಂದು ಅವರು ಪತ್ರ ಬರೆಯೋಕೆ ಕೂತಾಗ ನಾನು ಜಗಳ ಮಾಡಿದೆ. ಮುಚ್ಚಿಡೋದೇನಿದೆ, ಬಾಯಿಗೆ ಬಂದ ಹಾಗೆ ಮಾತಾಡಿದೆ.

"ಇನ್ನ ನಾಲ್ಕೂವರಿ ತಿಂಗಳಿಗೆ ನೀವು ಮನಿಗೆ ಹೊಕ್ಕೀರಿ ಸರ್. ನಿಮ್ಮ ನಂತರ ಬಂದೋರು ಬೇಕಾದ್ರ ಕಂಡುಹಿಡೀಲಿ. ನೀವ ಯಾಕ ಬರೀಬೇಕು?"

"ಅದು ನಂದ ತಪ್ಪು. ಬಂದೋರು ಯಾಕ ಬರೀಬೇಕು?"

"ನನ್ನ ಕೆಲಸ ಹೊಕ್ಕೈತಿ. ನಮ್ಮವ್ವ ದೂಳಿನಾಗ ಸಾಯ್ತಾಳ. ಜಿಡ್ಡು ಎಷ್ಟ ಇದ್ರೇನು ಸರ್, ಯಾರು ಓದ್ತಾರ ಅದನ್ನ?"

ಅವರು ತಲೆಯೆತ್ತಿ ನೋಡಿದರು. "ನಿನ್ನ ಕೆಲಸ ಹೊಕ್ಕೈತಿ ಅನ್ನೋದು ನನಗ ಗೊತ್ತೈತಿ" ಅಂದರು. "ಮೂರು ವಾರದಿಂದ ನಿದ್ದಿ ಇಲ್ಲ ನನಗ."

"ಮತ್ತ?"

"ಮತ್ತೇನೂ ಇಲ್ಲ ಯವ್ವ. ಬರೀತೀನಿ."

ಬರೆದರು. ಪೂರ್ತಿ ಎರಡು ಪುಟ. ಈ ಐದು ತಾಲ್ಲೂಕಿನ ಜೋಳದಲ್ಲಿ ಬಹುಪಾಲು ನನ್ನ ಸಲುವಾಗಿ ಬೇಯಿಸಿದ್ದು, ಅದನ್ನು ಜನರ ಊಟ ಅಂತ ನಾನು ತಪ್ಪಾಗಿ ಬರೆದಿದ್ದೇನೆ, ದಯವಿಟ್ಟು ಕಳೆಯಬೇಕು ಅಂತ. ಕೊನೆಗೆ ನನ್ನ ಬಗ್ಗೆ ಒಂದು ಶಿಫಾರಸು: ತಪ್ಪು ಹಿಡಿದದ್ದು ಈಕೆ, ಇಂಥವರನ್ನು ಬಿಡಬಾರದು. ಶಿಫಾರಸಿನ ಭಾಗವನ್ನ ಯಾರೂ ಓದಿದ ಹಾಗಿರಲಿಲ್ಲ. ತಂಡ ಬರಲಿಲ್ಲ. ಕೇಂದ್ರ ಬರಲಿಲ್ಲ. ಅವರ ನಿವೃತ್ತಿಯ ದಿನವೇ ಆ ಎರಡು ಕೋಣೆಗೂ ಬೀಗ ಬಿತ್ತು, ಕಾಗದವೆಲ್ಲ ಲಾರಿಯಲ್ಲಿ ಹೋಯಿತು. ಸನ್ಮಾನಕ್ಕೆ ಅಂತ ಮೇಲಿನ ಕಚೇರಿಯಿಂದ ಒಬ್ಬರು ಬಂದು ಶಾಲು ಹೊದಿಸಿ ಹೋದರು. ನಾನು ಆ ಕಾರ್ಯಕ್ರಮಕ್ಕೆ ಹೋಗಲಿಲ್ಲ.

ಅವ್ವ ಇನ್ನೂ ಎರಡು ವರ್ಷ ಯಾರ್ಡಿಗೆ ಹೋದಳು. ಆಮೇಲೆ ಹೋಗೋ ಸ್ಥಿತಿಯಲ್ಲಿ ಇರಲಿಲ್ಲ. ಈಗ ಮನೆಯಲ್ಲಿ ಕಿಟಕಿ ಪಕ್ಕ ಕೂತಿರ್ತಾಳೆ, ನಾಲ್ಕು ಮಾತಾಡಿದರೆ ಉಸಿರು ಸಾಲಲ್ಲ. ನಾನು ತಾಲ್ಲೂಕು ಕಚೇರಿಯೊಂದರಲ್ಲಿ ಬೇರೆಯವರು ಬರೆದ ಅಂಕಿಗಳನ್ನ ಕಂಪ್ಯೂಟರಿಗೆ ಹಾಕುತ್ತೀನಿ. ಅದೂ ಗುತ್ತಿಗೆಯೇ.

ಆ ಕೆಲಸಕ್ಕೆ ಸೇರಿದ ಮೊದಲ ವರ್ಷ, ಕಂಪ್ಯೂಟರು ಎದುರಿಗಿತ್ತಲ್ಲ, ಮೇಲಿನ ಕಚೇರಿಯ ಹೊಸ ಪಟ್ಟಿ ಹುಡುಕಿ ತೆಗೆದೆ. ನಮ್ಮ ಐದು ತಾಲ್ಲೂಕಿನ ಅಂಕಿ ಕುಸಿದುಬಿದ್ದಿತ್ತು. ಅವರು ಹೇಳಿದ ಹಾಗೆ ಕಳೆದಿದ್ದರು. ಹಿಂದಿನ ವರ್ಷಗಳದ್ದನ್ನೂ ತಿದ್ದಿದ್ದರು. ಆಮೇಲೆ ಇಡೀ ದೇಶದ ಸಾಲು ನೋಡಿದೆ. ತಿದ್ದೋ ಮೊದಲು ಎಷ್ಟಿತ್ತೋ ತಿದ್ದಿದ ಮೇಲೂ ಅಷ್ಟೇ ಇತ್ತು. ದೇಶ ದೊಡ್ಡದು. ನಮ್ಮ ಐದು ತಾಲ್ಲೂಕಿನ ರೊಟ್ಟಿ ಬುಟ್ಟಿಗಳೆಲ್ಲ ಖಾಲಿಯಾದರೂ ದಶಾಂಶದ ಆಚೆಯ ಅಂಕಿ ಕೂಡ ಅಲ್ಲಾಡಿರಲಿಲ್ಲ. ನನಗೆ ತಲೆ ಕೆಟ್ಟುಹೋಯಿತು. ಪ್ರಿಂಟು ತೆಗೆದುಕೊಂಡು ಸೀದಾ ಕೊಟ್ಟೂರಿನ ಬಸ್ಸು ಹತ್ತಿದೆ.

ಅವರು ಪಡಸಾಲೆಯಲ್ಲಿ ಕೂತಿದ್ದರು. ಸೊರಗಿದ್ದರು. ಬಾ ಅಂದರು, ಅವ್ವ ಹೆಂಗದಾಳ ಅಂದರು. ನಾನು ಅದಕ್ಕೆ ಉತ್ತರ ಕೊಡದೆ ಕಾಗದ ಅವರ ತೊಡೆ ಮೇಲೆ ಇಟ್ಟೆ. ಕನ್ನಡಕ ಹಾಕಿಕೊಂಡು ಬೆರಳಿಟ್ಟು ಓದಿದರು. ದೇಶದ ಸಾಲನ್ನ, ತಿದ್ದೋ ಮೊದಲಿನದು ತಿದ್ದಿದ ಮೇಲಿನದು ಎರಡನ್ನೂ ಹಿಡಿದು ಮೇಲೆ ಕೆಳಗೆ ನೋಡಿದರು.

"ಬದಲಾಗಿಲ್ಲ" ಅಂದರು.

"ಹೂಂ ಸರ್. ಬದಲಾಗಿಲ್ಲ. ಅದನ್ನ ತೋರಿಸಾಕ ಬಂದೆ."

"ಅಂಕಿ ಅದ ಐತಿ. ಮೊದ್ಲು ಸುಳ್ಳಿತ್ತು, ಈಗ ಖರೆ ಐತಿ."

"ನನ್ನ ಕೆಲಸ ಸರ್?"

ಅವರು ಕಾಗದ ಮಡಚಿದರು. "ಅದನ್ನ ನಾ ಕಳದೆ" ಅಂದರು. "ನಿನ್ನ ಮುಂದ ಸುಳ್ಳು ಹೇಳಂಗಿಲ್ಲ. ಗೊತ್ತಿದ್ದ ಕಳದೆ." ಆಮೇಲೆ ಒಳಗಿದ್ದ ಹೆಂಡತಿಗೆ ಕೂಗಿ ಹೇಳಿದರು, ಈ ಹುಡುಗಿಗೆ ಊಟಕ್ಕ ಹಾಕು ಅಂತ. ನಾನು ಉಣ್ಣಲಿಲ್ಲ. ನೀರು ಕೂಡ ಕುಡಿಯದೆ ಎದ್ದು ಬಂದೆ. ಅವರು ಬಾಗಿಲವರೆಗೂ ಬಂದರು, ಕರೆಯಲಿಲ್ಲ.

ಅದೇ ಕೊನೆ. ಆಮೇಲೆ ನಾನು ಕೊಟ್ಟೂರಿಗೆ ಎಷ್ಟೋ ಸಲ ಹೋಗಿದ್ದೀನಿ, ಆ ಓಣಿಗೆ ಹೋಗಿಲ್ಲ. ಅವರು ಮಾಡಿದ್ದು ಸರಿ. ಅವತ್ತು ಜಗಳ ಮಾಡುವಾಗಲೂ ಸರಿ ಅಂತ ನನಗೆ ಗೊತ್ತಿತ್ತು. ಅವ್ವ ಕೆಮ್ಮಿದಾಗೆಲ್ಲ ಅವರ ಮೇಲೆ ಸಿಟ್ಟು ಬರುತ್ತೆ, ಅವರನ್ನ ನಾನು ಇನ್ನೂ ಕ್ಷಮಿಸಿಲ್ಲ. ಯಾರ ಮನೆಗಾದರೂ ಹೋಗಿ ಹೊರಗಿನ ಕಟ್ಟೆ ಮೇಲೆ 'ಕುಂದ್ರವ್ವ' ಅನ್ನಿಸಿಕೊಂಡಾಗೆಲ್ಲ, ರೊಟ್ಟಿ ವಾಪಸ್ ಇಡೋರು ಯಾರಾದರೂ ಇದ್ದಾರೇನೋ ಅಂತ ಪಕ್ಕಕ್ಕೆ ತಿರುಗಿ ನೋಡ್ತೀನಿ.